ಮೂರನೆಯ ದಿನದ ಸೂಜಿ

ಅಂಗಾಲಿಗೆ ನೀರು ತಾಕಿತು.

ಗುಣವತಿ ಆಗಷ್ಟೇ ಚಪ್ಪಲಿ ಕಳಚಿ, ಸೂಜಿ ಕೋಣೆಯ ಸ್ಟೂಲಿನ ಮೇಲೆ ಕೂತು ಸೊಂಟವನ್ನು ಗೋಡೆಗೆ ಆನಿಸಿದ್ದಳು. ಸೋಮವಾರದ ಬೆಳಗಿನ ಸರದಿ ಮುಗಿದಿತ್ತು. ಮೂವತ್ತೆಂಟು ಜನ ಬಂದು ಹೋಗಿದ್ದರು. ಜ್ವರದವರು, ಕೆಮ್ಮಿನವರು, ಬಿ.ಪಿ. ನೋಡಿಸಿಕೊಳ್ಳುವವರು, ಬೆರಳು ಜಜ್ಜಿಕೊಂಡ ಬಡಗಿ, ಏನೂ ಆಗದೆ ಸುಮ್ಮನೆ ಮಾತಾಡಲು ಬಂದ ಒಬ್ಬ ಮುದುಕಿ. ಹೊರಗೆ ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ಮೇ ತಿಂಗಳ ಬಿಸಿಲಿಗೆ ಬಟ್ಟೆ ಮಾರುವವರ ಕೂಗು ಕೂಡ ಸೊರಗಿತ್ತು. ಬಗ್ಗಿ ನೋಡಿದಳು. ಫ್ರಿಜ್ಜಿನ ಕೆಳಗಿನಿಂದ ನೀರು ಸಣ್ಣ ಗೆರೆಯಾಗಿ ಹರಿದು ಬಂದು ಸ್ಟೂಲಿನ ಕಾಲಿನ ಹತ್ತಿರ ನಿಂತಿತ್ತು.

ಎದ್ದು ಫ್ರಿಜ್ಜಿನ ಬಾಗಿಲು ತೆಗೆದಳು. ಒಳಗಿನ ಗಾಳಿ ಕೋಣೆಯ ಗಾಳಿಯಷ್ಟೇ ಬೆಚ್ಚಗಿತ್ತು. ಬಲ್ಬು ಹೋಗಿ ಎಷ್ಟೋ ತಿಂಗಳಾಗಿದ್ದರಿಂದ ಬೆಳಿಗ್ಗೆ ಒಳಗೆ ಕೈ ಹಾಕಿದಾಗಲೂ ಕತ್ತಲೆಯೇ ಇತ್ತು, ಅನುಮಾನ ಬಂದಿರಲಿಲ್ಲ. ಗೋಡೆಯ ಕಡೆ ನೋಡಿದಳು. ಆ ಕೋಣೆಗೆ ಇದ್ದದ್ದು ಒಂದೇ ಪ್ಲಗ್ ಪಾಯಿಂಟು. ಅದರಲ್ಲಿ ಸಿಕ್ಕಿಕೊಂಡಿದ್ದದ್ದು ದಮ್ಮಿನವರಿಗೆ ಹಚ್ಚುವ ನೆಬ್ಯುಲೈಜರ್‌ನ ವೈರು. ಫ್ರಿಜ್ಜಿನ ವೈರು ನೆಲದ ಮೇಲೆ ಬಿದ್ದಿತ್ತು.

ಶನಿವಾರ ಸಂಜೆ ಕೊನೆಯ ರೋಗಿ ಒಬ್ಬ ಟೇಲರ್. ದಮ್ಮು ಹತ್ತಿ ತುಟಿ ನೀಲಿಗಟ್ಟಿತ್ತು. ಮೆಷಿನ್ ಹಚ್ಚಬೇಕೆಂದರೆ ಫ್ರಿಜ್ಜಿನ ಪ್ಲಗ್ ಕೀಳಬೇಕು, ಕಿತ್ತಳು. ಅರ್ಧ ತಾಸಿನಲ್ಲಿ ಅವನು ಸರಿಹೋಗಿ, ಕೈ ಮುಗಿದು ಹೋದ. ಆ ಹೊತ್ತಿಗೆ ಅವಳ ಸೊಂಟ ಉರಿಯುತ್ತಿತ್ತು. ಬಾಗಿಲು ಹಾಕಿಕೊಂಡು ಬಸ್ಸಿಗೆ ಹೋದಳು. ಭಾನುವಾರ ರಜೆ. ಒಂದೂವರೆ ದಿನ, ಅದೂ ಈ ಬಿಸಿಲಿನಲ್ಲಿ.

ಹತ್ತೊಂಬತ್ತು ವರ್ಷ ಅವಳು ದೊಡ್ಡ ಆಸ್ಪತ್ರೆಯೊಂದರ ಐ.ಸಿ.ಯು.ದಲ್ಲಿ ದುಡಿದವಳು. ಅಲ್ಲಿ ಒಂದೊಂದು ಮಂಚದ ತಲೆಗೆ ಹನ್ನೆರಡು ಪ್ಲಗ್ಗುಗಳಿದ್ದವು. ಒಬ್ಬರ ಉಸಿರಿಗಾಗಿ ಇನ್ನೊಂದರ ಕರೆಂಟು ಕೀಳುವ ಪ್ರಸಂಗ ಒಂದು ದಿನವೂ ಬಂದಿರಲಿಲ್ಲ. ಎಚ್ಚರ ತಪ್ಪಿದವರನ್ನು ಎತ್ತಿ ಎತ್ತಿ, ಮಗ್ಗುಲು ಹೊರಳಿಸಿ ಹೊರಳಿಸಿ ಅವಳ ಬೆನ್ನೆಲುಬಿನ ಬಿಲ್ಲೆ ಜಾರಿತು. ಇನ್ನು ಭಾರ ಎತ್ತಬೇಡ ಎಂದರು ಅಲ್ಲಿನ ಡಾಕ್ಟರು. ನಲವತ್ತಮೂರರ ವಯಸ್ಸಿಗೆ ಹೊಸದಾಗಿ ಈ ಸಣ್ಣ ದವಾಖಾನೆಗೆ ಸೇರಿ ಇವತ್ತಿಗೆ ಹದಿನಾರು ದಿನ. "ಅಲ್ಲೇನು, ಜ್ವರ ನೋಡೋದು, ಸೂಜಿ ಹಾಕೋದು, ಆರಾಮ ಇರತಿ," ಎಂದಿದ್ದ ಗಂಡ ವೈಜನಾಥ. ಅವಳೂ ಹಾಗೆಯೇ ಅಂದುಕೊಂಡಿದ್ದಳು.

ರಿಜಿಸ್ಟರ್ ತೆಗೆದಳು. ಅಂದು ಬೆಳಿಗ್ಗೆ ಫ್ರಿಜ್ಜಿನ ಔಷಧ ಹೋದದ್ದು ಒಬ್ಬರಿಗೇ. ಅವಳದೇ ಅಕ್ಷರ: ಗುರುದೇವಿ, ಆರು ವರ್ಷ, ತಂದೆ ಸೂಗಪ್ಪ. ನಾಯಿ ಕಡಿತ. ಎರಡನೇ ಸೂಜಿ, ಮೊದಲನೆಯದರ ನಂತರದ ಮೂರನೇ ದಿನ.

ಹುಡುಗಿಯ ಮುಖ ನೆನಪಾಯಿತು. ಮೀನಖಂಡಕ್ಕೆ ಪಟ್ಟಿ, ಎರಡೂ ಕೈಯಲ್ಲಿ ಅಪ್ಪನ ಅಂಗಿಯ ತುದಿ. ಶುಕ್ರವಾರ ನಾಯಿ ಕಡಿದಾಗ ಸರ್ಕಾರಿ ಆಸ್ಪತ್ರೆಗೆ ಎತ್ತಿಕೊಂಡು ಓಡಿ, ಗಾಯದ ಸುತ್ತ ಸೀರಂ ಹಾಕಿಸಿ, ಮೊದಲ ಸೂಜಿಯನ್ನೂ ಅಲ್ಲಿಯೇ ಹಾಕಿಸಿದ್ದರು. ಪಾಳಿ ಹಚ್ಚಿ ನಿಂತರೆ ಒಂದು ದಿನದ ಕೂಲಿಯೇ ಹೋಗುತ್ತದೆಂದು ಎರಡನೆಯದಕ್ಕೆ ಸೂಗಪ್ಪ ಇಲ್ಲಿಗೆ ಬಂದಿದ್ದ. ಈ ತೆಲುಗು ಊರಿನಲ್ಲಿ ಇಲ್ಲಿನ ಡಾಕ್ಟರು ಕನ್ನಡ ಮಾತಾಡುತ್ತಾರೆ ಎಂದು ಯಾರೋ ಹೇಳಿದ್ದರಂತೆ. ಸುರಪುರದ ಕಡೆಯವರು, ಪಕ್ಕದ ಓಣಿಯಲ್ಲಿ ಹಳೆಯ ಕಟ್ಟಡ ಕೆಡವುವ ಕೆಲಸದವರು.

ಡಾಕ್ಟರ್ ವೆಂಕಟೇಶ ಟಿಫಿನ್ ಡಬ್ಬಿ ಬಿಚ್ಚುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ಅಜ್ಜನ ಕಾಲಕ್ಕೆ ಗುಲಬರ್ಗಾದಿಂದ ಬಂದು ಇಲ್ಲೇ ನೆಲೆಸಿದ ನೌಕರದಾರ ಮನೆತನ. ಅವಳು ನಿಂತುಕೊಂಡೇ ಹೇಳಿದಳು. ಪ್ಲಗ್ ಕಿತ್ತವಳು ನಾನು, ಹಾಕುವುದು ಮರೆತವಳೂ ನಾನು, ನೋಡದೆ ಸೂಜಿ ಹಾಕಿದವಳೂ ನಾನು.

ಡಾಕ್ಟರು ಡಬ್ಬಿಯ ಮುಚ್ಚಳ ತಿರುಗಿ ಹಾಕಿದರು. "ಅದು ಪುಡಿ ಇರ್ತದ ಸಿಸ್ಟರ್. ನೀರ ಕಲಿಸಿ ಹಾಕೋದು. ಅಷ್ಟ ಲಗೂ ಕೆಡೋದಿಲ್ಲ."

"ಕೆಟ್ಟಿಲ್ಲ ಅಂತ ಖಾತ್ರಿ ಹೇಳಾಕ ಬರತೈತೇನ್ರಿ ಸರ್?"

ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಬರೂದಿಲ್ಲ," ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಶುಕ್ರವಾರ ಮುಂದಿನ ಸೂಜಿಗೆ ಬರ್ತಾರಲ್ಲ, ಅವತ್ತ ನೋಡೋಣ?"

"ಬರಲಿಲ್ಲ ಅಂದ್ರ?"

ಆ ಪ್ರಶ್ನೆಗೆ ಉತ್ತರ ಇಬ್ಬರಿಗೂ ಗೊತ್ತಿತ್ತು. ನಾಯಿಯ ವಿಷ ಏರುವ ಮುಂಚೆಯೇ ಸೂಜಿ ಹಾಕಬೇಕು. ಅದು ತಲೆಗೇರಿದ ಮೇಲೆ ಹಾಕುವುದಕ್ಕೆ ಏನೂ ಇಲ್ಲ. ಐ.ಸಿ.ಯು.ದಲ್ಲಿದ್ದಾಗ ಅಂಥವನೊಬ್ಬನನ್ನು ಗುಣವತಿ ನೋಡಿದ್ದಳು. ನೀರಿನ ಲೋಟ ಕಂಡರೆ ಗಂಟಲು ಹಿಡಿದುಕೊಳ್ಳುತ್ತಿದ್ದ. ಎರಡೇ ದಿನ ಇದ್ದ.

ರಿಜಿಸ್ಟರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಎತ್ತಿದವನು ಮೇಸ್ತ್ರಿ ಮಲ್ಲು. ಸೂಗಪ್ಪನ ಫೋನು ಒಡೆದು ಹದಿನೈದು ದಿನವಾಗಿತ್ತು, ಹೋದಲ್ಲೆಲ್ಲ ಮೇಸ್ತ್ರಿಯದನ್ನೇ ಬರೆಸುತ್ತಿದ್ದ. "ಆ ಗ್ಯಾಂಗ್ ಇಲ್ಲೆಲ್ಲೈತ್ರಿ ಮೇಡಂ? ಹನ್ನೆರಡ ಗಂಟೆಗೇ ಲಾರಿ ಹತ್ತಿಸಿ ಶಂಶಾಬಾದಿಗೆ ಕಳಿಸೀನಿ. ಅಲ್ಲಿ ಸ್ಲ್ಯಾಬ್ ಹಾಕೂದೈತಿ. ನಾನೂ ಅಲ್ಲೇ ಹೊಂಟೀನಿ."

"ಶುಕ್ರವಾರ ಕೂಸಿನ ಸೂಜಿಗೆ ಈ ಕಡೆ ಬರತಾರೇನಪ್ಪ?"

"ಅಷ್ಟು ದೂರದಿಂದ ಯಾರ್ ಬರತಾರ್ರೀ? ಇನ್ನ ಎರಡ ತಿಂಗಳು ಅಲ್ಲೇ ಅವರು."

ಡಾಕ್ಟರು ಚೀಟಿ ಬರೆದರು. ಹೊಸ ಸೂಜಿಯ ಹೆಸರು, ಕೆಳಗೆ ಸಹಿ. ಮಂಗಳವಾರ ಬೆಳಗಿನ ಸರದಿ ತಾವೊಬ್ಬರೇ ನೋಡಿಕೊಳ್ಳುವುದಾಗಿ ಹೇಳಿದರು. ಚೀಟಿ ಕೊಡುವಾಗ ಒಂದು ಮಾತು ಅಂದರು.

"ಎಲ್ಲಾ ಬಿಡಿಸಿ ಹೇಳಬ್ಯಾಡ್ರಿ. ಜಾಸ್ತಿ ಶಕ್ತಿ ಬರ್ಲಿ ಅಂತ ಇನ್ನೊಂದು ಅಂತ ಹೇಳ್ರಿ. ನನ್ನ ಹೆಸರು ಉಳಿಸಲಿಕ್ಕೆ ಹೇಳಾಕತ್ತಿಲ್ಲ. ಅವರು ಅಂಜಿದ್ರ ಮುಂದಿನ ಸೂಜಿನೇ ಬಿಡ್ತಾರ. ಹಂಗ ಬಿಟ್ಟವರನ್ನ ನೋಡೀನಿ."

ಅಂಜಿದವರು ಬಿಡುತ್ತಾರೆಂಬ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು.

ಮರುದಿನ ಬೆಳಿಗ್ಗೆ ಮೆಡಿಕಲ್ ಶಾಪಿನ ಫ್ರಿಜ್ಜಿನಿಂದ ಔಷಧ ತೆಗೆಸಿ, ಮನೆಯ ದೊಡ್ಡ ಫ್ಲಾಸ್ಕಿನಲ್ಲಿ ಮಂಜಿನ ಪಾಕೀಟುಗಳ ನಡುವೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡು ಬಸ್ಸು ಹತ್ತಿದಳು. ಕೂರಲು ಜಾಗ ಸಿಕ್ಕಿದ್ದು ಅರ್ಧ ದಾರಿ ಮುಗಿದ ಮೇಲೆ. ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು, ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದಳು, ಕೆಡವಿದಳು. ದೊಡ್ಡ ಆಸ್ಪತ್ರೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ರೋಗಿಯ ಕಡೆಯವರ ಹತ್ತಿರ ಮಾತಾಡಲು ಟೈ ಕಟ್ಟಿದವರು ಬೇರೆ ಇದ್ದರು. ನರ್ಸುಗಳು ಪರದೆ ಎಳೆದು ಒಳಗಿರಬೇಕು. ಹತ್ತೊಂಬತ್ತು ವರ್ಷದಲ್ಲಿ "ನನ್ನಿಂದ ತಪ್ಪಾಯಿತು" ಎಂಬ ಮಾತನ್ನು ಅವಳು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ತಪ್ಪೇ ಮಾಡಿರಲಿಲ್ಲವೆಂದಲ್ಲ.

ಹೈವೇಯಲ್ಲಿ ಇಳಿದು, ಮೇಸ್ತ್ರಿ ಹೇಳಿದ ಗುರುತು ಹಿಡಿದು, ಮಣ್ಣಿನ ದಾರಿಯಲ್ಲಿ ಅರ್ಧ ಮೈಲಿ ನಡೆದಳು. ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿದ್ದವು. ಎಂಟು ಮಹಡಿಯ ಅಸ್ಥಿಪಂಜರದಂಥ ಕಟ್ಟಡ, ಅದರ ಬುಡದಲ್ಲಿ ತಗಡಿನ ಶೆಡ್ಡುಗಳ ಸಾಲು. ಹೆಂಗಸರು ಮರಳು ಸೋಸುತ್ತಿದ್ದರು. ಅವರಲ್ಲಿ ಒಬ್ಬಳನ್ನು ಗುರುದೇವಿಯ ಮನೆಯವರು ಎಲ್ಲಿ ಎಂದು ವಿಚಾರಿಸಿದಾಗ, ಪಕ್ಕದವಳು ಜರಡಿ ಕೆಳಗಿಟ್ಟು ನೆಟ್ಟಗೆ ನಿಂತಳು. ಮೂವತ್ತರ ಒಳಗಿನ ಹೆಂಗಸು. ತಲೆಗೆ ಟವೆಲ್, ಸೀರೆಯ ಮೇಲೆ ಗಂಡಸರ ಅಂಗಿ.

"ನಾನ ಗುರುದೇವಿ ಅವ್ವ. ಬಂಡೆಮ್ಮ. ಯಾಕ್ರೀ?"

"ನಾನು ಡಾಕ್ಟರ್ ವೆಂಕಟೇಶ ಅವರ ದವಾಖಾನಿ ಸಿಸ್ಟರ್. ನಿನ್ನೆ ಕೂಸಿಗೆ ಸೂಜಿ ಹಾಕಿದಾಕಿ."

ಬಂಡೆಮ್ಮನ ಮುಖದ ಬಣ್ಣ ಇಳಿಯಿತು. "ಸಿಟಿಯಿಂದ ಇಷ್ಟು ದೂರ ಬಂದೀರಿ ಅಂದ್ರ... ಏನಾಗೇತ್ರಿ ಅಕ್ಕಾರ? ರಕ್ತದಾಗ ಏನರ ಬಂತೇನು?"

ಜಾಸ್ತಿ ಶಕ್ತಿಯ ಮಾತು ಗುಣವತಿಯ ನಾಲಿಗೆಯ ತುದಿಗೆ ಬಂದಿತ್ತು. ಬಂಡೆಮ್ಮ ಎರಡೂ ಕೈಯ ಮರಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದಳು, ಒರೆಸುತ್ತಲೇ ಇದ್ದಳು.

"ಕೂಸಿಗೆ ಏನೂ ಆಗಿಲ್ಲ ತಂಗಿ. ತಪ್ಪು ನನ್ನದೈತಿ," ಎಂದಳು ಗುಣವತಿ. "ಆ ಔಷಧ ಯಾವಾಗಲೂ ಥಂಡ ಇರಬೇಕು. ಕಾವು ಹತ್ತಿದ್ರ ಕೆಡತೈತಿ, ಹಾಲು ಕೆಟ್ಟಂಗ. ಆದ್ರ ಹಾಲಿನಂಗ ಇದು ನೋಡಿದ್ರ ಗೊತ್ತಾಗೂದಿಲ್ಲ. ಶನಿವಾರ ನಾನು ಫ್ರಿಜ್ಜಿನ ಕರೆಂಟ ತಗದಿದ್ದೆ, ಹಾಕೂದ ಮರತೆ. ನಿನ್ನೆ ಅದನ್ನ ನಿನ್ನ ಮಗಳಿಗೆ ಹಾಕೀನಿ. ಕೆಟ್ಟಿತ್ತೋ ಇಲ್ಲೋ ನನಗೂ ಗೊತ್ತಿಲ್ಲ. ಅದಕ್ಕ ಹೊಸಾದು ತಂದೀನಿ. ಮತ್ತೊಮ್ಮೆ ಹಾಕಬೇಕು."

ಮರಳು ಸೋಸುವ ಸದ್ದು ನಿಂತಿತ್ತು. ಉಳಿದ ಹೆಂಗಸರು ಕೇಳಿಸಿಕೊಳ್ಳುತ್ತಿದ್ದರು.

"ಆಕಿ ಎಷ್ಟು ಅತ್ತಳಂತ," ಎಂದಳು ಬಂಡೆಮ್ಮ. "ಅವರಪ್ಪ ಹೇಳಿದ. ಅಷ್ಟು ಅಳಿಸಿ ಕೆಟ್ಟ ನೀರ ಚುಚ್ಚಿದ್ರೇನು?"

ಗುಣವತಿ ಫ್ಲಾಸ್ಕನ್ನು ಮುಂದೆ ಹಿಡಿದಳು.

"ಈಗ ತಂದದ್ದು ಛಲೋ ಐತಿ ಅಂತ ನಾ ಹ್ಯಾಂಗ ನಂಬಲಿ? ನಿನ್ನೇನೂ ನೀವ ಹಾಕಿದ್ರಿ." ದನಿ ಏರಿಸದೆ, ಲೆಕ್ಕಕ್ಕೆ ಸಿಗದ ಏನನ್ನೋ ಹುಡುಕುವವಳಂತೆ ಕೇಳಿದಳು. "ಅವರಪ್ಪ ಬರಲಿ. ಆತ ಹೂಂ ಅಂದ್ರ ಹಾಕ್ರಿ. ನಾ ಒಬ್ಬಾಕಿನ ಹಾಕಸಂಗಿಲ್ಲ."

ಸೂಗಪ್ಪ ಎಂಟನೆಯ ಮಹಡಿಯಲ್ಲಿದ್ದ. ಕಾಂಕ್ರೀಟು ಸುರಿಯುತ್ತಿದ್ದರು. ಅದು ಶುರುವಾದ ಮೇಲೆ ಮುಗಿಯುವ ತನಕ ಯಾರೂ ಇಳಿಯುವಂತಿಲ್ಲ. ಮೂರು ಗಂಟೆಯಾಗುತ್ತದೆ ಎಂದ ಮಲ್ಲು. ಆಗ ಹನ್ನೊಂದೂವರೆ.

ಶೆಡ್ಡಿನ ನೆರಳಿನಲ್ಲಿ ಸಿಮೆಂಟು ಚೀಲದ ಮೇಲೆ ಕೂತು ಗುಣವತಿ ಕಾದಳು. ತಗಡು ಕಾದು ಒಳಗೆ ಒಲೆಯಂತಾಗಿತ್ತು. ಗುರುದೇವಿ ಬಾಗಿಲ ಹತ್ತಿರ ಕೂತು ಅವಳನ್ನೇ ನೋಡುತ್ತಿದ್ದಳು. ಕರೆದರೆ ಬರಲಿಲ್ಲ. ಕಾಲಿನ ಪಟ್ಟಿ ಧೂಳು ಹಿಡಿದು ಮಣ್ಣಿನ ಬಣ್ಣವಾಗಿತ್ತು. ಬಿಚ್ಚಿ ನೋಡುವ ಮನಸ್ಸಾಯಿತು, ಆದರೆ ಅದಕ್ಕೂ ಈಗ ಕೇಳಿಯೇ ಕೈ ಹಚ್ಚಬೇಕು. ಸೊಂಟದ ನೋವು ಎಡಗಾಲಿನ ತನಕ ಇಳಿದಿತ್ತು. ಮನೆಯಿಂದ ತಂದ ರೊಟ್ಟಿ ಚೀಲದಲ್ಲೇ ಇತ್ತು. ಅವರ ಕಣ್ಣೆದುರಿಗೆ ತಿನ್ನಲು ಮನಸ್ಸಾಗಲಿಲ್ಲ.

ಒಂದು ಗಂಟೆಗೆ ಫ್ಲಾಸ್ಕಿನ ಮುಚ್ಚಳ ತಿರುವಿ ನೋಡಿದಳು. ಎರಡು ಪಾಕೀಟು ಪೂರಾ ಕರಗಿದ್ದವು, ಮೂರನೆಯದು ಮೆತ್ತಗಾಗಿತ್ತು. ಇನ್ನೂ ಎರಡು ತಾಸು. ಅವಳಿಗೆ ಇದ್ದಕ್ಕಿದ್ದಂತೆ ಅಳು ಬರುವಂತಾಯಿತು. ತನಗಾಗಿ ಅಲ್ಲ, ಹುಡುಗಿಗಾಗಿಯೂ ಅಲ್ಲ, ಕರಗಿಯೇ ತೀರುವ ಈ ಮಂಜಿನ ಹಟಕ್ಕೆ.

ಊಟಕ್ಕೆ ಬಂದ ಬಂಡೆಮ್ಮ ಅವಳ ಮುಖ ನೋಡಿ ನಿಂತಳು. "ಏನಾತ್ರಿ?"

"ಬರ್ಫ್ ಕರಗಾಕತ್ತೈತಿ. ಮೂರ ಗಂಟೆ ತನಕ ಉಳಿಯಂಗಿಲ್ಲ."

"ಉಳೀಲಿಲ್ಲಂದ್ರ ಇದೂ ಕೆಡತೈತೇನು?"

"ಸಿಟಿಗೆ ಹೋಗಿ ಮತ್ತೊಂದು ತರತೀನಿ. ಕೆಟ್ಟದ್ದು ಮತ್ತ ಹಾಕಂಗಿಲ್ಲ."

ಬಂಡೆಮ್ಮ ತಟ್ಟೆಯನ್ನು ಕೆಳಗಿಟ್ಟಳು. ಮಗಳಿಗೆ ಏನೋ ಹೇಳಿ, ತಲೆಯ ಟವೆಲ್ ಬಿಗಿಮಾಡಿಕೊಂಡು ಹೊರಟಳು. ಎಲ್ಲಿಗೆ ಎಂದು ಹೇಳಲಿಲ್ಲ. ಬಿಸಿಲಿನಲ್ಲಿ ಮಣ್ಣಿನ ದಾರಿಯ ಮೇಲೆ ಅವಳ ಗಂಡಸರ ಅಂಗಿ ಹೈವೇಯ ಕಡೆ ಸಣ್ಣದಾಗುತ್ತ ಹೋಯಿತು.

ಮುಕ್ಕಾಲು ತಾಸಿನ ಮೇಲೆ ಬಂದಳು. ಟವೆಲ್ಲಿನಲ್ಲಿ ಕಟ್ಟಿದ ಮಂಜಿನ ಗಡ್ಡೆ ಎದೆಗೆ ಅವಚಿಕೊಂಡಿದ್ದಳು, ಅಂಗಿ ಹೊಟ್ಟೆಯ ತನಕ ತೊಯ್ದಿತ್ತು. ಹೈವೇಯ ಕಬ್ಬಿನ ಹಾಲಿನ ಗಾಡಿಯವನು ಕೊಡಲು ಒಪ್ಪಿರಲಿಲ್ಲವಂತೆ, ಜಗಳ ಮಾಡಿ ತಂದೆ ಎಂದಳು. ಕಲ್ಲಿನಿಂದ ಒಡೆದು ಚೂರು ಮಾಡಿಕೊಟ್ಟಳು. ಗುಣವತಿ ಔಷಧಕ್ಕೆ ಇನ್ನೊಂದು ಸುತ್ತು ಬಟ್ಟೆ ಸುತ್ತಿ, ಸುತ್ತಲೂ ಮಂಜು ತುಂಬಿದಳು. ಇಬ್ಬರೂ ಆ ಫ್ಲಾಸ್ಕನ್ನು ನಡುವೆ ಇಟ್ಟುಕೊಂಡು ಕೂತರು. ಬಂಡೆಮ್ಮನ ಊಟ ಆರಿ ಗಟ್ಟಿಯಾಗಿತ್ತು, ಅದನ್ನೇ ಉಂಡಳು. "ಉಣ್ರಿ" ಎಂದು ಬಾಯಿಮಾತಿಗೂ ಕರೆಯಲಿಲ್ಲ.

ಸೂಗಪ್ಪ ಇಳಿದು ಬಂದಾಗ ಮೂರೂವರೆ. ರೆಪ್ಪೆಗಳ ತನಕ ಸಿಮೆಂಟು ಹತ್ತಿತ್ತು. ಗುಣವತಿ ಅದೇ ಮಾತುಗಳನ್ನು ಎರಡನೆಯ ಸಲ ಹೇಳಿದಳು. ಎರಡನೆಯ ಸಲ ಸುಲಭವಾಗಬಹುದೆಂದುಕೊಂಡಿದ್ದಳು, ಆಗಲಿಲ್ಲ. ಅವನು ನಿಂತೇ ಕೇಳಿದ.

"ಇದನ್ನ ಹಾಕಿದ್ರ ಕೂಸಿಗೆ ಏನೂ ಆಗಂಗಿಲ್ಲ ಅಂತ ಬರದ ಕೊಡತೀರೇನ್ರಿ?"

"ಬರದ ಕೊಡಾಕ ಬರಂಗಿಲ್ಲಪ್ಪ. ಮೊದಲ ದಿನದ್ದು ಸರ್ಕಾರಿ ದವಾಖಾನ್ಯಾಗ ಬರೋಬರಿ ಆಗೇತಿ. ಇದು ಹಾಕಿ, ಮುಂದಿನವು ಒಂದೂ ತಪ್ಪಿಸಲಿಲ್ಲ ಅಂದ್ರ ಅಂಜೂದು ಬ್ಯಾಡ. ತಪ್ಪಿಸಿದ್ರ ನಾ ಏನೂ ಹೇಳಾಕಾಗಂಗಿಲ್ಲ."

ಸೂಗಪ್ಪ ಹೆಂಡತಿಯ ಕಡೆ ನೋಡಿದ. ಬಂಡೆಮ್ಮ ಮಂಜಿನಿಂದ ಕೆಂಪಾದ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

"ಹಾಕ್ರಿ," ಎಂದ.

ಗುರುದೇವಿ ಅಳಲಿಲ್ಲ. ಅಪ್ಪನ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಹಲ್ಲು ಕಚ್ಚಿಕೊಂಡಳು. ಸೂಜಿ ತೆಗೆದ ಮೇಲೆ ಗುಣವತಿ ತಾಯಿಯನ್ನು ಕೇಳಿ, ಕಾಲಿನ ಹಳೆಯ ಪಟ್ಟಿ ಬಿಚ್ಚಿ, ಗಾಯ ತೊಳೆದು ಒರೆಸಿದಳು. ಕೀವಾಗಿರಲಿಲ್ಲ. ಚೀಟಿಯ ಹಿಂದೆ ಮುಂದಿನ ತಾರೀಕುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದಳು. ಶುಕ್ರವಾರದ ಕೆಳಗೆ ಎರಡು ಗೆರೆ ಎಳೆದಳು.

ಬಂಡೆಮ್ಮ ಚೀಟಿ ಇಸಿದುಕೊಂಡು ಹೇಳಿದಳು: "ಶುಕ್ರವಾರ ನಿಮ್ಮ ಕಡೆ ಬರಂಗಿಲ್ಲ. ಸರ್ಕಾರಿ ದವಾಖಾನಿಗೇ ಹೋಗತೀವಿ."

"ಎಲ್ಲಿ ಹಾಕಿಸಿದ್ರೂ ಅಡ್ಡಿಯಿಲ್ಲ. ಹಾಕಸ್ರಿ ಅಷ್ಟ."

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕೂತ ತಕ್ಷಣ ನಿದ್ದೆ ಹತ್ತಿತು. ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿ ನಡೆದು ಬಂದಳು. ಸಂಜೆಯ ಸರದಿಗೆ ಆಗಲೇ ಹನ್ನೆರಡು ಜನ ಬೆಂಚಿನ ಮೇಲಿದ್ದರು. ಡಾಕ್ಟರು ತಲೆ ಎತ್ತಿ ನೋಡಿ, "ಹೇಳಿದ್ರೇನು?" ಎಂದರು. "ಎಲ್ಲಾ ಹೇಳಿದೆ ಸರ್," ಎಂದಳು. ಅವರು ತಲೆಯಾಡಿಸಿ ಮುಂದಿನವರನ್ನು ಕರೆದರು.

ಬುಧವಾರ ಡಾಕ್ಟರು ಕರೆಸಿದ ಎಲೆಕ್ಟ್ರಿಷಿಯನ್ ಬಂದು ಸೂಜಿ ಕೋಣೆಯ ಗೋಡೆ ಕೊರೆದು ಎರಡು ಹೊಸ ಪ್ಲಗ್ ಪಾಯಿಂಟು ಕೂಡಿಸಿ ಹೋದ. ಸಿಮೆಂಟಿನ ಧೂಳನ್ನು ಗುಣವತಿಯೇ ಒರೆಸಿದಳು. ಗುರುವಾರ ಎಂದಿನಂತೆ ಕಳೆಯಿತು. ಜ್ವರ, ಕೆಮ್ಮು, ಬಿ.ಪಿ.

ಶುಕ್ರವಾರ ಬೆಳಗಿನಿಂದ ಬಾಗಿಲ ಪರದೆ ಸರಿದಾಗಲೆಲ್ಲ ಅವಳ ಕಣ್ಣು ಅತ್ತ ಹೋಗುತ್ತಿತ್ತು. ಬರುವುದಿಲ್ಲ ಎಂದು ಹೇಳಿಯೇ ಕಳಿಸಿದ್ದರು, ಆದರೂ. ಸಂಜೆ ಐದರ ಹೊತ್ತಿಗೆ, ಸರದಿ ಶುರುವಾಗುವ ಮೊದಲು, ಮಲ್ಲುವಿಗೆ ಫೋನ್ ಮಾಡಿದಳು. ಅವನು ಯಾರನ್ನೋ ಕೂಗಿದ. ಕಾಂಕ್ರೀಟು ಮೆಷಿನ್ನು ತಿರುಗುವ ಸದ್ದಿನ ನಡುವೆ ಹೆಜ್ಜೆಗಳು ಹತ್ತಿರವಾದವು.

"ಯಾರು?" ಬಂಡೆಮ್ಮನ ದನಿ.

"ನಾನು, ಸಿಸ್ಟರ್. ಕೂಸಿಗೆ ಸೂಜಿ ಆತೇನು?"

"ಆತ್ರಿ. ಮುಂಜಾನೆ ಆರಕ್ಕ ಹೋಗಿ ಪಾಳಿ ಹಚ್ಚಿದ್ದೆ. ಸೂಜಿ ತುಂಬೂದರೊಳಗ ಬಾಟಲಿ ನನ್ನ ಕೈಯಾಗ ಕೊಡ್ರಿ ಅಂದೆ. ಆ ನರ್ಸಬಾಯಿ ಬೈದಳು, ನಿನಗೇನ ತಿಳೀತೈತಿ ಅಂತ. ಕೊಡೂತನಕ ಕೂಸಿನ ತೋಳು ಬಿಡಲಿಲ್ಲ ನಾನು."

"ಕೊಟ್ಟಳೇನು?"

"ಕೊಟ್ಟಳು. ಥಂಡ ಇತ್ತು."

ಫೋನು ಕಟ್ಟಾಗಲಿಲ್ಲ. ಬಂಡೆಮ್ಮ ಅದನ್ನು ಹಾಗೆಯೇ ಮೇಸ್ತ್ರಿಯ ಕೈಗೆ ಕೊಟ್ಟು ಹೋಗಿರಬೇಕು. ಮೆಷಿನ್ನಿನೊಳಗೆ ಜಲ್ಲಿ ಉರುಳುವ ಸದ್ದು ಕೇಳುತ್ತಲೇ ಇತ್ತು. ಗುಣವತಿ ಕಿವಿಯಿಂದ ಫೋನು ತೆಗೆಯದೆ ಹೊಸ ಪ್ಲಗ್ ಪಾಯಿಂಟುಗಳ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಹೊರಗೆ ಯಾರೋ ಬೆಂಚು ಎಳೆದು ಕೂತು, ಕೆಮ್ಮಿದರು.